ಸಹಾಯ ಬೇಕು: ಲೆವೆಲ್ 10ರಿಂದ 11ಕ್ಕೆ ಬಡ್ತಿ ಫೈಲ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಸೇರಿ ಆರು ವರ್ಷ ಆಗ್ತಾ ಬಂತು, ಇನ್ನೂ ಆರಂಭದ ವೇತನ ಶ್ರೇಣಿಯಾದ ಲೆವೆಲ್ 10ರಲ್ಲೇ ಇದ್ದೇನೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಲೆವೆಲ್ 11ಕ್ಕೆ ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂಫಿಲ್ ಇದ್ದವರಿಗೆ 5, ಎರಡೂ ಇಲ್ಲದವರಿಗೆ 6 ವರ್ಷದ ಸೇವೆ ಕೇಳುತ್ತಾರೆ. ನನ್ನ ಪಿಎಚ್‌ಡಿ ಮುಗಿದದ್ದು ಕೆಲಸಕ್ಕೆ ಸೇರಿದ ಮೂರನೇ ವರ್ಷದಲ್ಲಿ. ಹಾಗಾದರೆ ಆ 4 ವರ್ಷವನ್ನು ಸೇರಿದ ದಿನದಿಂದಲೇ ಎಣಿಸುತ್ತಾರಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

21 ದಿನದ ಓರಿಯೆಂಟೇಶನ್ (ಬೋಧನಾ ತರಬೇತಿ) ಆಗಿದೆ. ಅದರ ಜೊತೆ ರಿಫ್ರೆಶರ್ (ಮರುತರಬೇತಿ) ಅಥವಾ ಮೂಕ್ (ಎಲ್ಲರಿಗೂ ತೆರೆದ ಆನ್‌ಲೈನ್) ಕೋರ್ಸ್, ಇವುಗಳಲ್ಲಿ ಒಂದಿದ್ದರೆ ಸಾಕು ಅಲ್ವಾ? ನಾನು ಕೇಂದ್ರ ಸರ್ಕಾರದ ಆನ್‌ಲೈನ್ ತಾಣ ‘ಸ್ವಯಂ’ನಲ್ಲಿ ಮೂಕ್ ಕೋರ್ಸ್ ಮಾಡಿ ಪ್ರಮಾಣಪತ್ರ ಇಟ್ಟುಕೊಂಡಿದ್ದೇನೆ. ಆದರೂ ಫೈಲ್ ಎರಡು ಸಲ ವಾಪಸ್ ಬಂತು. ಮೊದಲ ಸಲ, ತೆಗೆದುಕೊಂಡ ತರಗತಿಗಳ ಲೆಕ್ಕ ಇಲ್ಲ ಅಂತ. ಅದು ನನ್ನದೇ ತಪ್ಪು, ವಹಿಸಿದ ತರಗತಿಗಳಲ್ಲಿ ಶೇ 80 ಅಥವಾ ಹೆಚ್ಚು ತೆಗೆದುಕೊಂಡಿದ್ದರೆ ‘ಗುಡ್’ ಎಂಬ ಶ್ರೇಣಿ ಸಿಗುತ್ತೆ, ಅದಕ್ಕೆ ದಾಖಲೆ ಬೇಕೇ ಬೇಕು. ಎರಡನೇ ಸಲ ಕಾರಣವನ್ನೇ ಬರೆದಿಲ್ಲ! ಸುಮ್ನೆ ಓಡಾಡಿ ಸಾಕಾಗಿದೆ.

ಇಲ್ಲಿ ಅಥವಾ ಚಿಕ್ಕಮಗಳೂರಿನಲ್ಲಿ ಇತ್ತೀಚೆಗೆ ಲೆವೆಲ್ 11 ಆದವರು ಯಾರಾದರೂ ಇದ್ದೀರಾ? ಭರ್ತಿ ಮಾಡಿದ ಅರ್ಜಿಯ ಒಂದು ಪ್ರತಿ ಕೊಟ್ಟರೆ ದೊಡ್ಡ ಉಪಕಾರ. ಹೆಸರು ಮುಚ್ಚಿ ಕಳಿಸಿದರೂ ಆಯಿತು.