ನುಡಿ, ಪೇಜ್‌ಮೇಕರ್ ಫೈಲುಗಳ ಒಳಗಿನ ಪಠ್ಯ ವಿಂಡೋಸ್ ಸರ್ಚ್‌ಗೆ ಏಕೆ ಸಿಗುತ್ತಿಲ್ಲ?

ಪ್ರಶ್ನೆ

ನಮಸ್ಕಾರ. ನಮ್ಮ ಊರಿನ ಸಂಘದಿಂದ ಒಂದು ಮಾಸಪತ್ರಿಕೆ ಬರುತ್ತದೆ. 2002ರಿಂದ ಈಚಿನ ಸಂಚಿಕೆಗಳೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಮೊದಲಿನವು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಫೈಲು, ನಡುವಿನವು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು, ಕೆಲವು ಸ್ಕ್ಯಾನ್ ಮಾಡಿದ ಪಿಡಿಎಫ್. ಊರ ಕೆರೆಯ ಬಗ್ಗೆ ಈವರೆಗೆ ಬಂದ ಬರಹಗಳನ್ನೆಲ್ಲ ಒಂದು ಪುಸ್ತಕವಾಗಿ ತರಬೇಕೆಂದಿದ್ದೇವೆ. ವಿಂಡೋಸ್ 10ರಲ್ಲಿ ‘ಕೆರೆ’ ಎಂದು ಹುಡುಕಿದರೆ ಫೈಲಿನ ಹೆಸರಿನಲ್ಲಿ ಕೆರೆ ಇದ್ದರೆ ಮಾತ್ರ ಬರುತ್ತದೆ, ಒಳಗಿನದು ಒಂದೂ ಬರುವುದಿಲ್ಲ. ಇಂಡೆಕ್ಸಿಂಗ್ ಆಪ್ಷನ್ಸ್‌ಗೆ ಹೋಗಿ ಪೇಜ್‌ಮೇಕರ್ ಫೈಲಿಗೂ ‘ಫೈಲ್ ಕಂಟೆಂಟ್ಸ್’ ಎಂದು ಗುರುತು ಹಾಕಿ ರೀಬಿಲ್ಡ್ ಕೊಟ್ಟೆ. ಏನೂ ಬದಲಾಗಲಿಲ್ಲ. ಇದಕ್ಕೆ ಯಾವುದಾದರೂ ಪ್ಲಗಿನ್ ಇದೆಯೇ?

ಉತ್ತರ

ನಮಸ್ಕಾರ ಸರ್. ದಾಖಲೆಗಳ ಡಿಜಿಟಲೀಕರಣವೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಡಿಸ್ಕಿನಲ್ಲಿರುವುದು ಮೂರು ಬೇರೆ ಬೇರೆ ತೊಂದರೆಗಳು. ಒಂದೇ ಪ್ಲಗಿನ್‌ನಿಂದ ಮೂರೂ ಬಗೆಹರಿಯುವುದಿಲ್ಲ.

ವಿಂಡೋಸ್ ಸರ್ಚ್ ಯಾವ ಫೈಲನ್ನೂ ತಾನಾಗಿ ಓದುವುದಿಲ್ಲ. ಪ್ರತಿ ಬಗೆಯ ಫೈಲಿಗೂ ಐಫಿಲ್ಟರ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಇರಬೇಕು. ಅದು ಫೈಲನ್ನು ಬಿಚ್ಚಿ ಪಠ್ಯ ತೆಗೆದುಕೊಟ್ಟ ಮೇಲೆ ಸರ್ಚ್ ಅದನ್ನು ಪದ ಪದವಾಗಿ ಇಂಡೆಕ್ಸಿಗೆ, ಅಂದರೆ ಹುಡುಕಲೆಂದು ಮಾಡಿಟ್ಟುಕೊಳ್ಳುವ ಪದಪಟ್ಟಿಗೆ, ಸೇರಿಸುತ್ತದೆ. ವರ್ಡ್ ಫೈಲಿಗೆ ಅದು ಇದೆ. ಪಿಡಿಎಫ್‌ಗೆ ವಿಂಡೋಸ್ 8ರಿಂದೀಚೆಗೆ ವಿಂಡೋಸ್ ಜೊತೆಗೇ ಬರುತ್ತಿದೆ. ಪೇಜ್‌ಮೇಕರ್‌ಗೆ ವಿಂಡೋಸ್‌ನಲ್ಲಿ ಇಲ್ಲ. ನೀವು ಗುರುತು ಹಾಕಿದಾಗ ವಿಂಡೋಸ್ ಆ ಫೈಲಿಗೆ ಸಾದಾ ಪಠ್ಯದ ಫಿಲ್ಟರನ್ನು ಅಂಟಿಸಿತು, ಅಷ್ಟೆ. ಒಳಗೆ ಬರೀ ಪಠ್ಯವೇ ಇದ್ದು ಎಕ್ಸ್‌ಟೆನ್ಷನ್ ಮಾತ್ರ ವಿಚಿತ್ರವಾಗಿರುವ ಫೈಲುಗಳಿಗೆ ಈ ಗುರುತು ಚೆನ್ನಾಗಿ ಕೆಲಸ ಮಾಡುತ್ತದೆ. ಪೇಜ್‌ಮೇಕರ್‌ನದು ಬೈನರಿ, ಅಂದರೆ ಸಾದಾ ಪಠ್ಯವಲ್ಲದ, ಫೈಲು, ಅದರಿಂದ ಕಸವೇ ಬರುವುದು.

ವರ್ಡ್ ಫೈಲುಗಳ ಕಥೆ ಬೇರೆ. ಅಲ್ಲಿ ಫಿಲ್ಟರ್ ಸರಿಯಾಗಿಯೇ ಓದುತ್ತಿದೆ, ಆದರೆ ಫೈಲಿನೊಳಗೆ ಕನ್ನಡವೇ ಇಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿದ್ದವು. ಪರದೆಯ ಮೇಲೆ ‘ಕೆರೆ’ ಎಂದು ಕಾಣುವುದು ಫೈಲಿನಲ್ಲಿ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಇ, ಚಿಕ್ಕ ಜಿ, ಮತ್ತೆ ಅದೇ ಇ. ನೀವು ಹುಡುಕುವುದು ಯೂನಿಕೋಡ್‌ನ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಈಗಿನ ಪದ್ಧತಿಯ, ‘ಕೆರೆ’. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪರೀಕ್ಷೆ ಮಾಡಿ ನೋಡಿ: ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಪಿ-ಇ-ಜಿ-ಇ ಎಂಬ ನಾಲ್ಕು ಅಕ್ಷರ ಒತ್ತಿ. ವಿಂಡೋಸ್ ಸರ್ಚ್ ಮಾಮೂಲಾಗಿ ತಲೆಯ ಮೇಲಿನ ಗೆರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಸಾದಾ ಇ ಒತ್ತಿದರೆ ಸಾಕು.

ಪ್ರಶ್ನೆ ಕೇಳಿದವರು

ಮೇಡಂ, ಒತ್ತಿ ನೋಡಿದೆ, ವರ್ಡ್ ಫೈಲುಗಳು ಸಾಲಾಗಿ ಬಂದವು! ತೆರೆದರೆ ನಿಜವಾಗಿಯೂ ಕೆರೆಯ ಲೇಖನಗಳೇ. ಹಾಗಾದರೆ ಏನನ್ನೂ ಬದಲಾಯಿಸದೆ ಹೀಗೇ ಹುಡುಕಿಕೊಂಡು ಹೋಗಬಹುದಲ್ಲವೇ?

ಉತ್ತರ

ಬೇಡ ಸರ್. ಫೈಲಿನೊಳಗಿನ ‘ಕೆರೆ’ಯಲ್ಲಿ ಚಿಹ್ನೆಗಳಿಲ್ಲದೆ ಬರೀ ಇಂಗ್ಲಿಷ್, ಯುರೋಪಿನ ಅಕ್ಷರಗಳೇ ಇದ್ದುದರಿಂದ ಸಿಕ್ಕಿತು. ‘ನ’ ಬರುವ ಜಾಗದಲ್ಲಿ ಬ್ರಿಟಿಷ್ ಪೌಂಡ್ ಚಿಹ್ನೆ ಇರುತ್ತದೆ, ‘ಪ’ಗೆ ಜಪಾನಿನ ಯೆನ್ ಚಿಹ್ನೆ, ‘ಲ’ಗೆ ವೃತ್ತದೊಳಗಿನ ಆರ್. ಇವನ್ನು ಸರ್ಚ್ ಅಕ್ಷರವೆಂದು ಎಣಿಸದೆ ಪದವನ್ನು ಅಲ್ಲಿಗೇ ಕತ್ತರಿಸುವ ಸಂಭವ ಹೆಚ್ಚು. ಇನ್ನೊಂದು, ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸವನ್ನು ಸರ್ಚ್ ನೋಡುವುದಿಲ್ಲ. ನುಡಿಯಲ್ಲಿ ದೊಡ್ಡ ಝಡ್ ಎಂದರೆ ‘ಚ’, ಚಿಕ್ಕ ಝಡ್ ಎಂದರೆ ‘ದ’. ‘ದರ’ ಹುಡುಕಿದರೆ ‘ಚರ’ವೂ ಬರುತ್ತದೆ. ಪುಸ್ತಕಕ್ಕೆಂದು ಒಟ್ಟು ಮಾಡುವಾಗ ತಪ್ಪಾಗಿ ಬಂದದ್ದನ್ನು ತೆಗೆದುಹಾಕಬಹುದು, ಬಾರದೇ ಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ನಾನು ಇಂಥ ಕೆಲಸ ಬಂದಾಗಲೆಲ್ಲ ಮಾಡುವುದು ಇದನ್ನೇ: ಮೂಲ ಫೈಲನ್ನು ಮುಟ್ಟದೆ, ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಒಂದು ಯೂನಿಕೋಡ್ ಪಠ್ಯ ಫೈಲು ಮಾಡಿ ಇಡುವುದು. ಇಂಡೆಕ್ಸ್ ಆಗುವುದು ಆ ಪಠ್ಯ ಫೈಲು. ಅದು ಸಿಕ್ಕರೆ ಪಕ್ಕದಲ್ಲೇ ಮೂಲ ಇರುತ್ತದೆ. ಮುಂದೆ ವಿಂಡೋಸ್ ಬದಲಾದರೂ ಬೇರೆ ಸರ್ಚ್ ಹಾಕಿಕೊಂಡರೂ ಈ ಪಠ್ಯ ಎಲ್ಲಿ ಬೇಕಾದರೂ ಓದಿಸಿಕೊಳ್ಳುತ್ತದೆ. ಹಳೆಯ ಫಾರ್ಮ್ಯಾಟಿಗೆ ಫಿಲ್ಟರ್ ಹುಡುಕುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಫಿಲ್ಟರ್ ಸಿಕ್ಕರೂ 64 ಬಿಟ್ ವಿಂಡೋಸ್‌ಗೆ 64 ಬಿಟ್‌ನದೇ ಬೇಕು, ಹಳೆಯವು ಬಹಳಷ್ಟು 32 ಬಿಟ್‌ನವು.

ನುಡಿ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸಲು ನುಡಿ ತಂತ್ರಾಂಶದಲ್ಲೇ ಪರಿವರ್ತಕವಿದೆ, ‘ಬರಹ’ ಎಂಬ ತಂತ್ರಾಂಶದಲ್ಲೂ ಇದೆ. ವರ್ಡಿನ ‘ಹುಡುಕಿ ಬದಲಿಸು’ ನಂಬಿಕೊಂಡು ಕೈಯಿಂದ ಮಾಡಲು ಹೋಗಬೇಡಿ. ‘ವರ್ಷ’ ಎಂಬ ಪದ ನೋಡಿ. ನುಡಿ ಫೈಲಿನಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಇದೆ: ವ, ಷ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ‘ರ್’ ಮೊದಲು, ‘ಷ’ ಆಮೇಲೆ. ಅಕ್ಷರ ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಒಳ್ಳೆಯ ಪರಿವರ್ತಕ ಅದನ್ನು ಮಾಡುತ್ತದೆ. ನೀವು ಮೊದಲ ಫೈಲಿನಲ್ಲಿ ವರ್ಷ, ಕಾರ್ಯ, ಸರ್ಕಾರ ಇಂಥ ಪದಗಳನ್ನು ಕಣ್ಣಿಟ್ಟು ನೋಡಿ.

ಇನ್ನೊಬ್ಬ ಸದಸ್ಯರು

ನಾವು ಪರಿವರ್ತಿಸಿದಾಗ ನಡುವೆ ಬಂದಿದ್ದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಎಲ್ಲ ಅರ್ಥವಿಲ್ಲದ ಕನ್ನಡವಾಗಿಬಿಟ್ಟವು. ಅದಕ್ಕೇನು ಮಾಡುವುದು ಮೇಡಂ?

ಉತ್ತರ

ಬರೀ ಪಠ್ಯವನ್ನು ಕಾಪಿ ಮಾಡಿ ಹಾಕಿದರೆ ಹಾಗೇ ಆಗುತ್ತದೆ, ಯಾವುದು ನುಡಿ ಯಾವುದು ಇಂಗ್ಲಿಷ್ ಎಂದು ಪರಿವರ್ತಕಕ್ಕೆ ತಿಳಿಯಲು ದಾರಿಯಿಲ್ಲ. ವರ್ಡ್ ಫೈಲಿನಲ್ಲಿ ಪ್ರತಿ ತುಣುಕಿನ ಫಾಂಟ್ ಹೆಸರೂ ಇರುತ್ತದೆ. ನುಡಿ ಫಾಂಟಿನಲ್ಲಿರುವ ತುಣುಕನ್ನಷ್ಟೇ ತಿರುಗಿಸಿ ಉಳಿದದ್ದನ್ನು ಹಾಗೇ ಬಿಡಬೇಕು. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಗುಂಪಿನಲ್ಲಿದ್ದರೆ ಇದು ದೊಡ್ಡ ಕೆಲಸವಲ್ಲ.

ಪೇಜ್‌ಮೇಕರ್ ವಿಷಯಕ್ಕೆ ಬರುತ್ತೇನೆ. ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ 6 ಮತ್ತು 7ರ ಫೈಲುಗಳನ್ನು ತೆರೆಯುತ್ತದೆ. ಅಡೋಬಿ ಇನ್‌ಡಿಸೈನ್ ಇದ್ದರೆ ಸಿಎಸ್6ರವರೆಗಿನ ಆವೃತ್ತಿಯಲ್ಲೂ ತೆರೆಯಬಹುದು. ಪುಟವಿನ್ಯಾಸ ಚದುರೀತು, ಪಠ್ಯ ಬಂದರೆ ನಮಗೆ ಸಾಕು. ಹಳೆಯ ಪೇಜ್‌ಮೇಕರ್ ಓಡುವ ಕಂಪ್ಯೂಟರ್ ನಿಮ್ಮ ಮುದ್ರಕರ ಬಳಿ ಇನ್ನೂ ಇದ್ದರೆ ಅಲ್ಲೇ ಪಿಡಿಎಫ್ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ, ಮತ್ತು ಅದನ್ನು ಬೇಗ ಮಾಡಿಸಿ. ಆ ಪಿಡಿಎಫ್‌ನಲ್ಲಿರುವುದೂ ಹಳೆಯ ಫಾಂಟಿನ ಸಂಕೇತಗಳೇ, ಅದನ್ನೂ ಪರಿವರ್ತಿಸಲೇಬೇಕು.

ಸ್ಕ್ಯಾನ್ ಪಿಡಿಎಫ್‌ನಲ್ಲಿ ಇರುವುದು ಚಿತ್ರ ಮಾತ್ರ. ಟೆಸರಾಕ್ಟ್ ಎಂಬ ಉಚಿತ ಒಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ) ಕನ್ನಡ ಬರುತ್ತದೆ. ಅದನ್ನು ಬಳಸುವ ಒಸಿಆರ್‌ಮೈಪಿಡಿಎಫ್, ಪುಟದ ಚಿತ್ರದ ಹಿಂದೆ ಕಾಣದ ಪಠ್ಯದ ಪದರವೊಂದನ್ನು ಸೇರಿಸಿಕೊಡುತ್ತದೆ. ಆಮೇಲೆ ವಿಂಡೋಸ್‌ನ ಪಿಡಿಎಫ್ ಫಿಲ್ಟರೇ ಅದನ್ನು ಓದುತ್ತದೆ. ಭಾಷೆ ಕೇಳಿದಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕೊಡಿ. ಹೊಸದಾಗಿ ಸ್ಕ್ಯಾನ್ ಮಾಡುವುದಿದ್ದರೆ 300 ಡಿಪಿಐ ಇಡಿ. ಒತ್ತಕ್ಷರಗಳಲ್ಲಿ ತಪ್ಪು ಬಂದೇ ಬರುತ್ತದೆ, ಹುಡುಕುವುದಕ್ಕೆ ಹೆಚ್ಚಿನ ಅಡ್ಡಿಯಿಲ್ಲ, ಪುಸ್ತಕಕ್ಕೆ ಹಾಕುವಾಗ ಮಾತ್ರ ಮೂಲದೊಂದಿಗೆ ಹೋಲಿಸಿ ತಿದ್ದಬೇಕು.

ಪ್ರಶ್ನೆ ಕೇಳಿದವರು

ಒಂದು ಸಂಚಿಕೆ ಪರಿವರ್ತಿಸಿ ಪಠ್ಯ ಫೈಲಾಗಿ ಇಟ್ಟೆ. ಹುಡುಕಿದರೆ ಅದೂ ಬರುತ್ತಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಡಿಸ್ಕ್ ಯುಎಸ್‌ಬಿಯಲ್ಲಿದೆ.

ಉತ್ತರ

ಎರಡು ಕಡೆ ನೋಡಿ. ವಿಂಡೋಸ್ ಮಾಮೂಲಾಗಿ ನಿಮ್ಮ ಬಳಕೆದಾರ ಫೋಲ್ಡರನ್ನಷ್ಟೇ ಇಂಡೆಕ್ಸ್ ಮಾಡುತ್ತದೆ. ಆ ವರ್ಡ್ ಫೈಲುಗಳು ಸಿಕ್ಕಿದ್ದವು ಎಂದರೆ ಅವುಗಳ ಪ್ರತಿ ಕಂಪ್ಯೂಟರಿನಲ್ಲೂ ಇರಬೇಕು. ಇಂಡೆಕ್ಸಿಂಗ್ ಆಪ್ಷನ್ಸ್‌ನ ಮಾಡಿಫೈ ಒತ್ತಿ ಯುಎಸ್‌ಬಿ ಡಿಸ್ಕಿನ ಫೋಲ್ಡರನ್ನೂ ಸೇರಿಸಿ. ಪಠ್ಯ ಫೈಲುಗಳನ್ನಾದರೂ ಕಂಪ್ಯೂಟರಿನೊಳಗೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಎರಡನೆಯದು, ನೋಟ್‌ಪ್ಯಾಡ್‌ನಲ್ಲಿ ‘ಸೇವ್ ಆ್ಯಸ್’ ಕೊಟ್ಟು ಕೆಳಗಿನ ಎನ್‌ಕೋಡಿಂಗ್ ಪಟ್ಟಿಯಿಂದ ‘ಯುಟಿಎಫ್-8 ವಿತ್ ಬಿಒಎಂ’ ಆರಿಸಿ. ಬಿಒಎಂ ಎಂದರೆ ಇದು ಯೂನಿಕೋಡ್ ಎಂದು ಫೈಲಿನ ಆರಂಭದಲ್ಲೇ ತಿಳಿಸುವ ಗುರುತು. ಅದು ಇಲ್ಲದಿದ್ದರೆ ಪಠ್ಯದ ಫಿಲ್ಟರ್ ಫೈಲನ್ನು ಹಳೆಯ ಎನ್‌ಕೋಡಿಂಗ್ ಎಂದು ತಪ್ಪು ತಿಳಿಯುವ ಅಪಾಯವಿದೆ.

ವಿಂಡೋಸ್ ಸರ್ಚ್ ಜೊತೆ ಗುದ್ದಾಡಲು ಇಷ್ಟವಿಲ್ಲದಿದ್ದರೆ ಡಾಕ್‌ಫೆಚರ್ ಎಂಬ ಹುಡುಕು ತಂತ್ರಾಂಶ ಹಾಕಿಕೊಳ್ಳಿ, ಉಚಿತ, ಹೇಳಿದ ಫೋಲ್ಡರನ್ನಷ್ಟೇ ಇಂಡೆಕ್ಸ್ ಮಾಡುತ್ತದೆ. ಲಿನಕ್ಸ್‌ನಲ್ಲಿರುವವರಿಗೆ ಇಂಥದ್ದೇ ರಿಕಾಲ್ ಇದೆ. ಅದರಲ್ಲಿ ಗೊತ್ತಿಲ್ಲದ ಫಾರ್ಮ್ಯಾಟಿಗೆ ನಿಮ್ಮದೇ ಸ್ಕ್ರಿಪ್ಟ್ ಜೋಡಿಸಬಹುದು, ನುಡಿ ಪರಿವರ್ತಕವನ್ನೇ ಫಿಲ್ಟರಾಗಿ ಕೂರಿಸಿದರೆ ಬೇರೆ ಪಠ್ಯ ಫೈಲು ಮಾಡಿಡುವ ಕೆಲಸವೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಬಂತು ಮೇಡಂ, ಈಗ ಕನ್ನಡದಲ್ಲೇ ಸಿಗುತ್ತಿದೆ! ‘ಕೆರೆ’ ಹಾಕಿದರೆ ‘ಕೆರೆಯ’, ‘ಕೆರೆಗೆ’ ಎಲ್ಲ ಬರುತ್ತವೆ. ಆದರೆ ‘ಹೂಳು’ ಎಂದರೆ ‘ಹೂಳಿನ’ ಬರುವುದಿಲ್ಲ, ‘ಹೂಳೆತ್ತು’ವೂ ಇಲ್ಲ.

ಉತ್ತರ

ಸರ್ಚ್ ಪದದ ಆರಂಭವನ್ನು ಹೊಂದಿಸಿ ನೋಡುತ್ತದೆ, ಕನ್ನಡದ ವಿಭಕ್ತಿ, ಸಂಧಿ ಅದಕ್ಕೆ ತಿಳಿಯದು. ಕೊನೆಯ ಕೊಂಬು ತೆಗೆದು ‘ಹೂಳ’ ಎಂದಷ್ಟೇ ಹಾಕಿ. ಯೂನಿಕೋಡ್‌ನಲ್ಲಿ ‘ಳ’ ಬೇರೆ, ಅದರ ಮೇಲಿನ ಸ್ವರಚಿಹ್ನೆ ಬೇರೆ ಸಂಕೇತ. ಆದ್ದರಿಂದ ಹೂಳು, ಹೂಳಿನ, ಹೂಳೆತ್ತುವ ಮೂರರ ಆರಂಭವೂ ‘ಹೂಳ’ವೇ. ಡಾಕ್‌ಫೆಚರ್‌ನಲ್ಲಾದರೆ ಕೊನೆಗೆ ನಕ್ಷತ್ರದ ಗುರುತು ಸೇರಿಸಬೇಕು. ಕೆರೆಯ ಹೆಸರಿನಿಂದಲೂ ಒಮ್ಮೆ ಹುಡುಕಿ, ಏರಿ, ತೂಬು, ಕೋಡಿ ಇವನ್ನೂ ಹಾಕಿ. ಕೆರೆಯ ಬಗ್ಗೆ ಬರೆದವರು ಎಲ್ಲ ಕಡೆಯೂ ಕೆರೆ ಎಂದೇ ಬರೆದಿರುವುದಿಲ್ಲ.