ರಜೆಗೊಂದು ಮನೆ, ಮನೆಗೆಂಟು ಆಳು

"ಸಿಕ್ತು! ಏರ್‌ಬಿಎನ್‌ಬಿ ಆಪ್‌ನಲ್ಲಿ ರಜೆಗೆ ಬಾಡಿಗೆ ಮನೆ! ಪೂರ್ತಿ ಮನೆ, ಎಂಟು ಜನ ಮಲಗಬಹುದು, ಸಮುದ್ರಕ್ಕೆ ಐದೇ ನಿಮಿಷ, 4.8 ಸ್ಟಾರ್!" ನಾಣಿ ಫೋನನ್ನು ಆರತಿ ತಟ್ಟೆಯ ಹಾಗೆ ಎಲ್ಲರ ಮುಖದ ಮುಂದೆ ಸುತ್ತಿಸಿದ.

"ಬೆಡ್‌ರೂಮ್ ಎರಡೇ ಇದೆಯಲ್ಲೋ," ರಾಯರು ಕನ್ನಡಕ ಏರಿಸಿದರು. "ಮಂಚದ ಮೇಲೆ ನಾಲ್ಕು ಜನ, ಸೋಫಾ ಬಿಚ್ಚಿದರೆ ಇಬ್ಬರು. ಉಳಿದಿಬ್ಬರು?"

"ಗಾಳಿ ಹಾಸಿಗೆ ಕೊಡ್ತಾರಂತೆ."

"ಸರಿ, ಮೂಲಕ್ಕೇ ಬಂದ್ವಿ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಬ್ಬರು ಹುಡುಗರು ಬಾಡಿಗೆ ಕಟ್ಟೋಕೆ ದುಡ್ಡಿಲ್ಲದೆ ಮೂರು ಗಾಳಿ ಹಾಸಿಗೆ ಹಾಸಿ ಮೂವರನ್ನ ಮಲಗಿಸಿದರು. ಏರ್‌ಬಿಎನ್‌ಬಿ ಹುಟ್ಟಿದ್ದೇ ಹಾಗೆ. ಅವರು ಬಾಡಿಗೆ ಕಟ್ಟೋಕೆ ಊದಿದರು, ನಾವು ಬಾಡಿಗೆ ಕೊಟ್ಟು ಊದಬೇಕು. ಬಚ್ಚಲು ಎಷ್ಟು?"

"ಒಂದು."

"ಫಿಲ್ಟರಿನಲ್ಲಿ ಜನರ ಲೆಕ್ಕ ಮಾತ್ರ ಹಾಕಿದರೆ ಇದೇ ಗತಿ. ಮಂಚ, ಬಚ್ಚಲು ಎರಡನ್ನೂ ಹಾಕು."

"ಹಾಲ್ ಮಾತ್ರ ಎಷ್ಟು ದೊಡ್ಡದು ನೋಡಿ ರಾಯರೇ," ಎಂದಳು ವತ್ಸಲಾ.

"ದೊಡ್ಡದು ಹಾಲಲ್ಲಮ್ಮ, ಕ್ಯಾಮೆರಾದ ವೈಡ್ ಆಂಗಲ್. ಆ ಮೂಲೆಯ ಗಡಿಯಾರ ನೋಡು, ದುಂಡಗಿರಬೇಕಾದ್ದು ಅಂಡಾಕಾರ ಆಗಿದೆ. ಫೋಟೋದ ಅಂಚಿನಲ್ಲಿ ಗಡಿಯಾರವನ್ನ ಎಳೆದ ಲೆನ್ಸು ಗೋಡೆಯನ್ನ ಬಿಟ್ಟಿರುತ್ತಾ? ಗೋಡೆ ನೋಡಬೇಡ, ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ನಿಲ್ಲಬಹುದಾ ನೋಡು. ಅದೇ ಬೆಡ್‌ರೂಮಿನ ಫೋಟೋ ಐದಿವೆ, ಬಚ್ಚಲಿನದು ಒಂದೂ ಇಲ್ಲ."

"ಬಚ್ಚಲಿಗೆ ನಾಚಿಕೆ," ಎಂದ ಸೀನ.

"ಆ ಐದರಲ್ಲಿ ಒಂದನ್ನ, ಅದೇ ಫೋಟೋ ಬೇರೆಲ್ಲಿದೆ ಅಂತ ಹುಡುಕಿಕೊಡೋ ಗೂಗಲ್ ಲೆನ್ಸಿಗೆ ಹಾಕು. ಅದೇ ಮಂಚ ಇನ್ನೂ ಮೂರು ಊರಲ್ಲಿ ಬಾಡಿಗೆಗಿದ್ದರೆ ಫೋನ್ ಕೆಳಗಿಡು. ಸಮುದ್ರಕ್ಕೆ ಐದು ನಿಮಿಷ ಅಂದೆಯಲ್ಲ, ಯಾರಿಗೆ? ಕಾರಿಗೋ ಕಾಗೆಗೋ? ಬುಕ್ ಆಗೋವರೆಗೆ ನಕ್ಷೆಯಲ್ಲಿ ಸಾಮಾನ್ಯವಾಗಿ ಕಾಣೋದು ಬರೀ ಒಂದು ಅಂದಾಜಿನ ಚುಕ್ಕಿ."

ನಾಣಿಗೆ ಸಿಟ್ಟು ಬಂತು. "ಬಾಡಿಗೆ ಕಡಿಮೆ ಇದೆಯಲ್ಲಾ!"

"ಒಂದು ರಾತ್ರಿಯ ರೇಟು ಕಡಿಮೆ. ಕೊನೆಯ ಪುಟಕ್ಕೆ ಹೋಗಿ ಒಟ್ಟು ನೋಡು. ಸರ್ವಿಸ್ ಫೀ, ತೆರಿಗೆ, ಕ್ಲೀನಿಂಗ್ ಫೀ. ಈ ಕ್ಲೀನಿಂಗ್ ಫೀ ಸಾಮಾನ್ಯವಾಗಿ ಎರಡು ರಾತ್ರಿಗೂ ಅಷ್ಟೇ, ಏಳು ರಾತ್ರಿಗೂ ಅಷ್ಟೇ. ಅದಕ್ಕೇ ವಾರಾಂತ್ಯಕ್ಕೆ ಹೋಗುವವನಿಗೆ ಅಗ್ಗದ ಮನೆಯೇ ದುಬಾರಿ ಬೀಳೋದು. ಈಗ ಮನೆಯ ನಿಯಮ ಓದು, ಜೋರಾಗಿ."

ನಾಣಿ ಓದಿದ. ಹೊರಡುವ ದಿನ ಹತ್ತು ಗಂಟೆಯೊಳಗೆ ಚಾದರ ತೆಗೆದು ವಾಷಿಂಗ್ ಮಷೀನಿಗೆ ಹಾಕುವುದು, ಪಾತ್ರೆ ತೊಳೆದಿಡುವುದು, ಒಲೆ ಒರೆಸುವುದು, ನೆಲ ಗುಡಿಸುವುದು, ಕಸ ಹೊರಗಿಡುವುದು.

"ಮತ್ತೆ ಕ್ಲೀನಿಂಗ್ ಫೀ ಯಾತಕ್ಕೆ?" ಎಂದಳು ವತ್ಸಲಾ.

"ನಾವು ಸರಿಯಾಗಿ ಗುಡಿಸಿದ್ವಾ ಅಂತ ನೋಡೋದಕ್ಕೆ! ದುಡ್ಡು ಕೊಟ್ಟು ಕೆಲಸಕ್ಕೆ ಸೇರೋದು ಅಂದರೆ ಇದು. ಇನ್‌ಸ್ಟಂಟ್ ಬುಕ್, ಅಂದರೆ ಒತ್ತಿದ ಕೂಡಲೇ ಬುಕ್ ಆಗೋ ಸೌಲಭ್ಯ, ಇಲ್ಲದ ಮನೆಗೆ ಅರ್ಜಿಯನ್ನೂ ಹಾಕಬೇಕು, ಯಾರು, ಯಾಕೆ ಬರ್ತೀರಿ ಅಂತ. ಮಾಲೀಕರು 24 ಗಂಟೆಯೊಳಗೆ ಹೂಂ ಅಥವಾ ಊಹೂಂ ಅಂತಾರೆ."

"ಸಂದರ್ಶನ," ಎಂದ ಸೀನ.

"ಕೊನೆಗೆ ನಮಗೂ ಸ್ಟಾರ್ ಕೊಡ್ತಾರೆ."

"ಬಡ್ತಿ ಯಾವಾಗ?"

"ಇಬ್ಬರೂ ರಿವ್ಯೂ ಬರೆದ ಮೇಲೆ, ಇಲ್ಲವೇ 14 ದಿನ ಕಳೆದ ಮೇಲೆ. ಅಲ್ಲಿವರೆಗೆ ಅವರದ್ದು ನಮಗೆ ಕಾಣಲ್ಲ, ನಮ್ಮದು ಅವರಿಗೆ ಕಾಣಲ್ಲ. ಆದರೂ ಮುಂದಿನ ಮನೆ ಸಿಗದೆ ಹೋದೀತು ಅಂತ ಎಲ್ಲರೂ ಸಜ್ಜನರಾಗಿ ಬರೀತಾರೆ. ಐದು ಕೊಟ್ಟವರು ಊರನ್ನ ಹೊಗಳ್ತಾರೆ, ಒಂದು ಕೊಟ್ಟವರು ಜಗಳ ಬರೀತಾರೆ, ಮೂರು ಕೊಟ್ಟವರು ಗೀಸರ್ ಬಗ್ಗೆ ಬರೀತಾರೆ. ನೀನು ಗೀಸರ್ ಓದು."

"ಮನೆಯೊಳಗೆ ಕ್ಯಾಮೆರಾ ಇಟ್ಟಿರ್ತಾರಾ?" ವತ್ಸಲಾ ಕೇಳಿದಳು.

"ಏರ್‌ಬಿಎನ್‌ಬಿಯಲ್ಲಿ 2024ರ ಏಪ್ರಿಲ್ ಕೊನೆಯಿಂದ ಒಳಗೆ ಇಡೋ ಹಾಗಿಲ್ಲ. ಹೊರಗಿನದ್ದಾದರೆ ಮೊದಲೇ ಹೇಳಿರಬೇಕು."

"ಛೆ, ಅಷ್ಟು ಚೆನ್ನಾಗಿ ಗುಡಿಸಿದ್ದಕ್ಕೆ ಸಾಕ್ಷಿಯೇ ಇಲ್ಲ," ಎಂದ ಸೀನ.

"ಸಾಕ್ಷಿ ನಾವೇ ಇಟ್ಟುಕೊಳ್ಳೋದು. ಹೋದ ಕೂಡಲೇ, ಬ್ಯಾಗ್ ಬಿಚ್ಚೋ ಮೊದಲೇ ಮನೆಯೆಲ್ಲ ವಿಡಿಯೋ. ನಲ್ಲಿ ಕೆಟ್ಟಿದ್ದರೆ, ಬೀಗ ಬೀಳದಿದ್ದರೆ ಆಪ್‌ನಲ್ಲೇ ಬರೆದು ತಿಳಿಸೋದು, ಗೊತ್ತಾಗಿ 72 ಗಂಟೆಯೊಳಗೆ. ಮಾಲೀಕರು ಆಪ್ ಬಿಟ್ಟು ನೇರ ಖಾತೆಗೆ ಹಾಕಿ, ಕಡಿಮೆ ಮಾಡ್ತೀನಿ ಅಂದರೆ ಮಾತು ಅಲ್ಲಿಗೇ ಮುಗಿಸು. ಆಮೇಲೆ ಮನೆಯೂ ಇಲ್ಲ, ದುಡ್ಡೂ ಇಲ್ಲ, ಕೇಳೋರೂ ಇಲ್ಲ."

ಸೀನ ಸುಮ್ಮನೆ ಕೂತು ಹೇಳಿದ, "ನೆಂಟರ ಮನೆಯಲ್ಲೂ ನಾವೇ ಗುಡಿಸ್ತಿದ್ವಿ, ಅಲ್ವಾ?"

"ಗುಡಿಸ್ತಿದ್ವಿ. ಹೊರಟು ನಿಂತರೆ 'ಇನ್ನೆರಡು ದಿನ ಇರ್ರೋ' ಅಂತ ಬ್ಯಾಗ್ ಕಿತ್ತುಕೊಳ್ಳೋರು. ಈಗ ಹತ್ತೂವರೆ ಆದರೆ ಲೇಟ್ ಚೆಕ್‌ಔಟ್ ಚಾರ್ಜು."

"ಅವರ ಮನೆಗೆ ಈಗ ಹೋದರೆ?" ವತ್ಸಲಾ.

"ಬೀಗ. ಅವರೂ ರಜೆಗೆ ಬಾಡಿಗೆ ಮನೆಗೆ ಹೋಗಿರ್ತಾರೆ."

ನಾಣಿ ಗಂಟಲು ಸರಿಮಾಡಿಕೊಂಡ. "ಈಗ ಬುಕ್ ಮಾಡ್ಲಾ, ಬೇಡ್ವಾ?"

"ಮೊದಲು ಕ್ಯಾನ್ಸಲೇಶನ್ ನಿಯಮ ಓದು. ಕೆಲವರು ಹಿಂದಿನ ದಿನದವರೆಗೂ ಪೂರ್ತಿ ವಾಪಸ್ ಕೊಡ್ತಾರೆ, ಕೆಲವರು ವಾರಗಳ ಮುಂಚೆಯೇ ಕೈ ಎತ್ತಿರ್ತಾರೆ. ಆಮೇಲೆ ಮೆಟ್ಟಿಲು ಎಷ್ಟು, ಪಾರ್ಕಿಂಗ್ ಎಲ್ಲಿ, ಏನೇನು ತರಬೇಕು ಅಂತ ಆಪ್‌ನಲ್ಲೇ ಕೇಳು. ಉತ್ತರ ಬರಹದಲ್ಲಿರಲಿ."

ನಾಣಿ ಟೈಪ್ ಮಾಡಿದ. ಫೋನ್ ಟಿಂಗ್ ಅಂದಿತು.

"ಮೆಟ್ಟಿಲು 42. ಟವೆಲ್ ಮಾತ್ರ ತರಬೇಕಂತೆ," ಅಂತ ಓದಿದ. "ಪೊರಕೆ ಅಲ್ಲೇ ಇದೆಯಂತೆ."