ಪಿವಿಸಿ ಪೈಪಿನ ಒರೆಯಲ್ಲಿ ಚಾಕು ನಿಲ್ಲುತ್ತಿಲ್ಲ, ಏನು ತಪ್ಪಾಗಿದೆ?

ತೋಟದಮೂಲೆ, ಚನ್ನಗಿರಿ
ಬಾಳೆಗೊನೆ ಕಡಿಯೋ ಕುಲುಮೆ ಚಾಕು. ಅಲಗು 7 ಇಂಚು ಉದ್ದ, 40 ಮಿ.ಮೀ. ಅಗಲ, ಬೆನ್ನು 3 ಮಿ.ಮೀ. ದಪ್ಪ. ಚರ್ಮದ ಒರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ ಅಂತ 50 ಮಿ.ಮೀ. ಪಿವಿಸಿ ಪೈಪ್ ಸೀಳಿ, ಹೀಟ್ ಗನ್‌ನಲ್ಲಿ ಕಾಯಿಸಿ ಒತ್ತಿದೆ. ತಲೆಕೆಳಗೆ ಹಿಡಿದರೆ ಚಾಕು ಜಾರಿ ಬೀಳುತ್ತೆ. ಒಂದು ಕಡೆ ಪ್ಲಾಸ್ಟಿಕ್ ಕಂದಾಗಿ ಗುಳ್ಳೆ ಎದ್ದಿದೆ. ಒರೆ ಮಾಡೋಕೆ ಸಿಗೋ ಕೈಡೆಕ್ಸ್ ಪ್ಲಾಸ್ಟಿಕ್ ಹಾಳೆಗೆ ದುಡ್ಡು ಹಾಕೋ ಮನಸ್ಸಿಲ್ಲ.

ಕುಲುಮೆಪಕ್ಕ, ದಾವಣಗೆರೆ
ಗುಳ್ಳೆ ಎದ್ದ ತುಂಡು ಬಿಸಾಕಿ, ಅದು ಸುಟ್ಟಿದೆ. ಪಿವಿಸಿ 80 ಡಿಗ್ರಿ ದಾಟಿದರೆ ಮೆತ್ತಗಾಗುತ್ತೆ, 110–130ರಲ್ಲಿ ಚೆನ್ನಾಗಿ ಬಗ್ಗುತ್ತೆ. ಅದಕ್ಕಿಂತ ತುಂಬಾ ಮೇಲೆ ಹೋದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ, ಗಂಟಲು ಉರಿಯುತ್ತೆ. ಅಂಗಳದಲ್ಲೇ ಮಾಡಿ. ಗನ್ ಒಂದು ಗೇಣು ದೂರ ಇರಲಿ, ಕೈ ಆಡ್ತಾನೇ ಇರಲಿ. ಹಂಚಿನಿಂದ ಆಗ ತಾನೇ ಇಳಿಸಿದ ರೊಟ್ಟಿ ಥರ ಜೋತುಬಿದ್ದರೆ ಹದ ಬಂತು.

ಹಿಡಿತ ಬರದಿರೋಕೆ ಕಾರಣ ಒತ್ತುವ ಜಾಗ. ಅಲಗನ್ನು ಎಷ್ಟು ಬಿಗಿ ಮಾಡಿದರೂ ಜಾರುತ್ತೆ. ಹಿಡಿ ಶುರುವಾಗೋ ಕಡೆ ಇರೋ ಬಳೆಯನ್ನೂ ಸೇರಿಸಿ 25 ಮಿ.ಮೀ. ಒರೆಯೊಳಗೆ ಹೋಗಬೇಕು. ಪ್ಲಾಸ್ಟಿಕ್ ಬಿಸಿ ಇರುವಾಗಲೇ ಕೈಗವಸು ಹಾಕಿ ಬಳೆಯ ಹಿಂದಿನ ತಗ್ಗಿಗೆ ಹೆಬ್ಬೆರಳಿಂದ ಒತ್ತಿ. ಟಕ್ ಅಂತ ಕೂರೋದು ಅಲ್ಲಿ.

ಪೈಪ್ 220 ಮಿ.ಮೀ. ಉದ್ದ ಕತ್ತರಿಸಿ. 50ರ ಪೈಪ್ ಬಿಚ್ಚಿದರೆ ಸುಮಾರು 157 ಮಿ.ಮೀ. ಅಗಲ ಸಿಗುತ್ತೆ, ನಿಮ್ಮ ಅಲಗಿಗೆ ಸಾಕು. ಹಿಡಿ ದಪ್ಪ ಇದ್ದರೆ 63ರದು ತಗೊಳ್ಳಿ. ಮೊದಲು ಹಲಗೆಗಳ ನಡುವೆ ಚಪ್ಪಟೆ ಮಾಡಿ, ಆಮೇಲೆ ಮತ್ತೆ ಕಾಯಿಸಿ ಬೆನ್ನಿನ ಸುತ್ತ ಮಡಚಿ. ಅಲಗಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಸುತ್ತಿರಬೇಕು. ಇಲ್ಲದಿದ್ದರೆ ಆಮೇಲೆ ಒರೆ ಅಲಗನ್ನು ಗೀಚುತ್ತೆ. ಹಲಗೆಗೂ ಪ್ಲಾಸ್ಟಿಕ್ಕಿಗೂ ನಡುವೆ ಟ್ರ್ಯಾಕ್ಟರ್ ಟ್ಯೂಬಿನ ಮೂರು ಪದರ ಇಟ್ಟು ಕ್ಲಾಂಪ್ ಹಾಕಿ. ಪೂರ್ತಿ ತಣ್ಣಗಾಗೋವರೆಗೂ ಬಿಚ್ಚಬೇಡಿ. ಅರೆಬಿಸಿಯಲ್ಲಿ ಬಿಚ್ಚಿದರೆ ಪೈಪ್ ತನ್ನ ಹಳೇ ದುಂಡಗಿನ ಕಡೆಗೆ ಬಾಯಿ ಬಿಡುತ್ತೆ.

ಮೊಳೆಸುತ್ತಿಗೆ, ಚಿತ್ರದುರ್ಗ
ಮೇಲಿನದು ಸರಿ. ಚಾಕುವನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಬಳಸಿ, ತಣ್ಣನೆ ಉಕ್ಕು ಪ್ಲಾಸ್ಟಿಕ್ಕಿನ ಬಿಸಿ ಹೀರಿಕೊಂಡು ಬೇಗ ಬಿಗಿಯುವಂತೆ ಮಾಡುತ್ತೆ. ಆದರೆ ಅಲಗಿನ ಮೇಲೆ ನೇರವಾಗಿ ಗನ್ ಹಿಡಿಯಬೇಡಿ, ತೆಳು ಬಾಯಿ ನೀಲಿಯಾದರೆ ಹದ ಹೋಯ್ತು.

ಮಡಚಿದ ಎರಡು ಪದರ ಸೇರಿಸೋಕೆ, ಅಲಗಿನ ಹರಿತದ ಅಂಚಿನಿಂದ 6–8 ಮಿ.ಮೀ. ಬಿಟ್ಟು, 30 ಮಿ.ಮೀ.ಗೆ ಒಂದರಂತೆ ತೂತು. ಪಾಪ್ ರಿವೆಟ್ ಹಾಕೋದಾದರೆ ಎರಡೂ ಕಡೆ ವಾಷರ್ ಇರಲಿ, ಬರೀ ರಿವೆಟ್ ಎಳೆದರೆ ಪಿವಿಸಿ ಸೀಳುತ್ತೆ. ಫ್ಲೆಕ್ಸ್ ಬ್ಯಾನರ್‌ಗೆ ಹೊಡೆಯೋ ಐಲೆಟ್ ಇನ್ನೂ ವಾಸಿ. ಮೊನೆಯ ಹತ್ತಿರ 5 ಮಿ.ಮೀ. ತೂತು ಬಿಡಲೇಬೇಕು, ನೀರು ನಿಂತರೆ ಕುಲುಮೆ ಚಾಕು ಎರಡೇ ದಿನಕ್ಕೆ ತುಕ್ಕು. ತೂತು ಕೊರೆದ ಪುಡಿ ತೊಳೆಯದೆ ಚಾಕು ಹಾಕಬೇಡಿ.

ತೋಟದಮೂಲೆ
ಕಪ್ಪು ಎಚ್‌ಡಿಪಿಇ ಪೈಪ್ ತುಂಡು ಬಿದ್ದಿದೆ, ಆಗುತ್ತಾ ಅಣ್ಣ?

ಕುಲುಮೆಪಕ್ಕ
ಬೇಡ. ಮೆತ್ತಗಾಗೋ ಹೊತ್ತಿಗೆ ಕರಗೋಕೇ ಶುರು, ತಣ್ಣಗಾದ ಮೇಲೆ ಕುಗ್ಗಿ ಸೊಟ್ಟಗಾಗುತ್ತೆ. ಇನ್ನೊಂದು, ಒರೆಯನ್ನು ಬೈಕಿನ ಸೈಲೆನ್ಸರ್ ಹತ್ತಿರ ಕಟ್ಟಬೇಡಿ, ಬಾಯಿ ಬಿಟ್ಟುಕೊಳ್ಳುತ್ತೆ. ಬಿಗಿ ಜಾಸ್ತಿಯಾದರೆ ಹಿಡಿ ಕಡೆಯ 20 ಮಿ.ಮೀ. ಮಾತ್ರ ಕಾಯಿಸಿ, ಟೇಪ್ ಸುತ್ತಿದ ಚಾಕು ಹಾಕಿ ಮತ್ತೆ ತಣಿಸಿ.